ಕ್ರಿಮಿನಾಲಜಿ ಡಿಗ್ರಿ: ಲೆಕ್ಕ ಹಾಕಿ ನೋಡ್ರೀ ಸ್ವಾಮಿ

ಹನ್ನೆರಡನೇ ಕ್ಲಾಸಿನ ರಿಸಲ್ಟ್ ಬಂತು ಅಂದ್ರೆ ನಮ್ಮ ಹಡಪಸರದಲ್ಲಿ ಗಾಡಿತಳದಿಂದ ಫುರಸುಂಗಿಯವರೆಗೆ ಕಂಬಕ್ಕೊಂದು ಕೋರ್ಸಿನ ಬೋರ್ಡು. ಮೊದಲು ಕಂಪ್ಯೂಟರ್ ಇತ್ತು, ಆಮೇಲೆ ಏರ್‌ಹೋಸ್ಟೆಸ್ ಬಂತು, ಈಗ ಕ್ರಿಮಿನಾಲಜಿ, ಫೊರೆನ್ಸಿಕ್, ಕ್ರಿಮಿನಲ್ ಜಸ್ಟಿಸ್. ಟಿವಿಯಲ್ಲಿ 'ಸಿಐಡಿ' ನೋಡಿ ಬೆಳೆದ ಮಕ್ಕಳು, ಮಗಳಿಗೆ ಖಾಕಿ ಸಿಗುತ್ತೆ ಅಂತ ಕನಸು ಕಾಣೋ ಅಪ್ಪಂದಿರು. ವ್ಯಾಪಾರಕ್ಕೆ ಇನ್ನೇನು ಬೇಕು?

ಇಂಡಿ ತಾಲೂಕಿನಿಂದ ಬಂದು ಇಲ್ಲಿ ಸೆಂಟ್ರಿಂಗ್ ಕೆಲಸ ಮಾಡುವ ನಮ್ಮವರೊಬ್ಬರು ಮೊನ್ನೆ ಕೇಳಿದರು: "ಅಣ್ಣಾರ, ಈ ಡಿಗ್ರಿ ಆತಂದ್ರ ಪೊಲೀಸ್ ನೌಕರಿ ಪಕ್ಕಾ ಅಂತರೀ. ಊರಾಗಿನ ಎರಡೆಕರೆ ಒತ್ತಿ ಇಡ್ಲೇನ್ರಿ?" ನಾನು ಬೇಡ ಅಂದೆ. ಯಾಕೆ ಅಂತ ಇಲ್ಲಿ ಬರೀತಿದ್ದೀನಿ, ಯಾಕಂದ್ರೆ ಇದೇ ಪ್ರಶ್ನೆ ಇಟ್ಟುಕೊಂಡು ಕೂತ ಕನ್ನಡದ ಮನೆಗಳು ಈ ಊರಲ್ಲಿ ಬಹಳ ಇವೆ.

ಮೊದಲು ನೌಕರಿ ಕೊಡುವವರು ಏನು ಕೇಳ್ತಾರೆ ನೋಡೋಣ. ಮಹಾರಾಷ್ಟ್ರದಲ್ಲಿ ಪೊಲೀಸ್ ಶಿಪಾಯಿ ಆಗೋದಕ್ಕೆ ಹನ್ನೆರಡನೇ ಕ್ಲಾಸು ಸಾಕು. ಮೈದಾನದ ಪರೀಕ್ಷೆಗೆ 50 ಅಂಕ, ಮರಾಠಿಯಲ್ಲಿ ಬರೆಯುವ ಪರೀಕ್ಷೆಗೆ 100 ಅಂಕ. ಹೆಣ್ಣುಮಕ್ಕಳಿಗೆ 800 ಮೀಟರ್ ಓಟ, 100 ಮೀಟರ್ ಓಟ, ಗುಂಡು ಎಸೆತ. ಕ್ರಿಮಿನಾಲಜಿಗೆ ಎಷ್ಟು ಅಂಕ? ಸೊನ್ನೆ. ಪಿಎಸ್‌ಐ ಆಗಬೇಕಾದ್ರೆ ಡಿಗ್ರಿ ಬೇಕು, ನಿಜ. ಆದ್ರೆ 'ಯಾವುದಾದರೂ ಡಿಗ್ರಿ'! ನಮ್ಮ ಕರ್ನಾಟಕದಲ್ಲೂ ಹಾಗೇ. ಇತಿಹಾಸದ ಬಿ.ಎ. ಮಾಡಿದವಳೂ, ಕ್ರಿಮಿನಾಲಜಿ ಮಾಡಿದವಳೂ ಅರ್ಜಿಯಲ್ಲಿ ಟಿಕ್ ಹಾಕೋದು ಅದೇ ಒಂದು ಡಬ್ಬಿಗೆ.

ಈಗ ದುಡ್ಡಿನ ಲೆಕ್ಕ. ಫೀ ವರ್ಷಕ್ಕೆ 80,000 ರೂಪಾಯಿ ಅಂತ ಇಟ್ಕೊಳ್ಳಿ. ಮೂರು ವರ್ಷಕ್ಕೆ 2,40,000. ಅದೇ ಹುಡುಗಿ ತಿಂಗಳಿಗೆ 12,000 ಸಿಗುವ ಕೆಲಸಕ್ಕೆ ಸೇರಿ, ನಾಸಿಕದ ಯಶವಂತರಾವ್ ಚವ್ಹಾಣ ಮುಕ್ತ ವಿದ್ಯಾಪೀಠದಿಂದ ಸಾದಾ ಬಿ.ಎ. ಮಾಡಿಕೊಂಡರೆ ಮೂರು ವರ್ಷದಲ್ಲಿ 4,32,000 ದುಡಿದಿರ್ತಾಳೆ. ಎರಡೂ ಸೇರಿಸಿದರೆ 6,72,000 ರೂಪಾಯಿ ವ್ಯತ್ಯಾಸ. ಮುಕ್ತ ವಿದ್ಯಾಪೀಠದ ಅಲ್ಪ ಫೀ ಬೇಕಾದ್ರೆ ಕಳೀರಿ. ಶಿಪಾಯಿಯ ಆರಂಭದ ಮೂಲ ವೇತನ 21,700. ಅಂದ್ರೆ ಸುಮಾರು 31 ತಿಂಗಳ ಮೂಲ ವೇತನವನ್ನ ನೌಕರಿ ಸಿಗೋ ಮುಂಚೆಯೇ, ಬರೀ ಒಂದು ಹೆಸರಿಗೆ ಸುರಿದ ಹಾಗಾಯ್ತು. ಒತ್ತಿ ಸಾಲದ ಬಡ್ಡಿ ನಾನಿನ್ನೂ ಹಿಡಿದೇ ಇಲ್ಲ.

ನಮ್ಮಂಥ ವಲಸಿಗರಿಗೆ ಇನ್ನೊಂದು ಪೆಟ್ಟಿದೆ, ಅದನ್ನ ಯಾವ ಕೌನ್ಸೆಲರ್ರೂ ಹೇಳೋದಿಲ್ಲ. ಊರಿನ ಎಸ್‌ಸಿ, ಎಸ್‌ಟಿ ಸರ್ಟಿಫಿಕೇಟು ವಲಸೆ ಹೋದ ರಾಜ್ಯದ ಸರ್ಕಾರಿ ನೌಕರಿಗೆ ನಡೆಯೋದಿಲ್ಲ ಅಂತ ಸುಪ್ರೀಂ ಕೋರ್ಟು 2018ರಲ್ಲಿ ಬೀರ್ ಸಿಂಗ್ ಕೇಸಿನಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿತು. ಅಂಥ ಮಕ್ಕಳು ಇಲ್ಲಿ ಓಪನ್‌ನಲ್ಲೇ ಕೂರಬೇಕು, ಶಿಪಾಯಿ ಭರ್ತಿಗೆ ಓಪನ್‌ನ ವಯಸ್ಸಿನ ಮಿತಿ 28. ಸರಿ, ಊರಿಗೇ ಹೋಗಿ ಬರೀತೀವಿ ಅಂತೀರಾ? ಕರ್ನಾಟಕದ 545 ಪಿಎಸ್‌ಐ ಹುದ್ದೆಗಳ ಕಥೆ ನೆನಪಿದೆ ತಾನೆ. 2021ರ ಅಕ್ಟೋಬರಿನಲ್ಲಿ ಪರೀಕ್ಷೆ, ಅಕ್ರಮ ಬಯಲಾಗಿ 2022ರಲ್ಲಿ ರದ್ದು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಅಷ್ಟು ವರ್ಷ ಹೊಟ್ಟೆಗೆ ಹಾಕಿದ್ದು ಅಪ್ಪ-ಅಮ್ಮನ ಕೂಲಿ, ಡಿಗ್ರಿಯ ಹೆಸರಲ್ಲ.

ಕಾಲೇಜಿನವರ ವಾದಾನೂ ಕೇಳೋಣ. "ಹೊಸ ಕಾನೂನು ಬಂದಿದೆ, ಫೊರೆನ್ಸಿಕ್‌ಗೆ ಭಾರೀ ಡಿಮ್ಯಾಂಡು" ಅಂತಾರೆ. ಅರ್ಧ ಸತ್ಯ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಮಿನ ಪ್ರಕಾರ ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಹೋಗಲೇಬೇಕು. ಆದ್ರೆ ಅದನ್ನ ಜಾರಿಗೆ ತರೋದಕ್ಕೆ ರಾಜ್ಯಗಳಿಗೆ ಐದು ವರ್ಷದ ಅವಕಾಶವಿದೆ. ಮೇಲಾಗಿ ಲ್ಯಾಬಿನ ಕೆಲಸ ವಿಜ್ಞಾನದ್ದು. ಕೆಮಿಸ್ಟ್ರಿ, ಬಯಾಲಜಿ ಇಲ್ಲದೆ ಆರ್ಟ್ಸ್ ಕ್ರಿಮಿನಾಲಜಿ ಹಿಡಿದುಕೊಂಡು ಹೋದವರನ್ನ ಒಳಗೆ ಬಿಡೋದಿಲ್ಲ.

"ಸೆಕ್ಯುರಿಟಿ ಕಂಪನಿಗಳಿವೆ" ಅಂತಾರೆ. ಖಾಸಗಿ ಭದ್ರತಾ ಏಜೆನ್ಸಿಗಳ 2005ರ ಕಾನೂನಿನಡಿ ಮಾಡಿದ ಮಾದರಿ ನಿಯಮಗಳು ಗಾರ್ಡ್‌ಗೆ ಕೇಳೋದು 160 ಗಂಟೆ ತರಬೇತಿ. ಮಗರಪಟ್ಟಾದ ಗೇಟಿನಲ್ಲಿ ನಿಲ್ಲೋದಕ್ಕೆ ಮೂರು ವರ್ಷದ ಡಿಗ್ರಿ ಯಾಕೆ ಸ್ವಾಮಿ?

"ಅಮೆರಿಕದಲ್ಲಿ ಇದೇ ಕೋರ್ಸು ಮಾಡ್ತಾರೆ" ಅಂತಾನೂ ಹೇಳ್ತಾರೆ. ಹೌದು, ಕಮ್ಯುನಿಟಿ ಕಾಲೇಜುಗಳಲ್ಲಿ ಎರಡು ವರ್ಷದ ಡಿಗ್ರಿ ಇದೆ. ಆದ್ರೆ ನ್ಯೂಯಾರ್ಕ್ ಪೊಲೀಸರು ತಮ್ಮಲ್ಲಿ ಸೇರೋರಿಗೆ ಕಾಲೇಜಿನ 60 ಕ್ರೆಡಿಟ್ ಕೇಳ್ತಿದ್ದರು. ಜನ ಸಾಲದೆ 2025ರಲ್ಲಿ ಅದನ್ನ 24ಕ್ಕೆ ಇಳಿಸಿದರು. ಅಲ್ಲೂ ಎಣಿಸೋದು ಕ್ರೆಡಿಟ್ಟು, ಕ್ರಿಮಿನಲ್ ಜಸ್ಟಿಸ್ಸೇ ಆಗಬೇಕು ಅಂತಿಲ್ಲ.

ಈ ವಿಷಯ ಓದಲೇಬಾರದು ಅಂತ ನನ್ನ ಮಾತಲ್ಲ. ಆಸಕ್ತಿಯಿದ್ದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅದಕ್ಕಂತಲೇ ವಿಭಾಗವಿದೆ. ಬಿ.ಎಸ್ಸಿ. ಗಟ್ಟಿ ಮಾಡಿಕೊಂಡು ಫೊರೆನ್ಸಿಕ್ ಎಂ.ಎಸ್ಸಿ.ಗೆ ಹೋಗಲಿ. ನ್ಯಾಯದ ಕೆಲಸವೇ ಬೇಕು ಅಂದ್ರೆ ಎಲ್‌ಎಲ್‌ಬಿ ಮಾಡಲಿ, ನೌಕರಿ ಸಿಗದಿದ್ದರೂ ಕರಿ ಕೋಟು ಹಾಕಿ ಕೋರ್ಟಿನ ಮೆಟ್ಟಿಲು ಹತ್ತಬಹುದು. ಪೊಲೀಸೇ ಆಗಬೇಕಾ? ಕಡಿಮೆ ಖರ್ಚಿನ ಡಿಗ್ರಿ, ಒಳ್ಳೆ ಮರಾಠಿ, ಬೆಳಗ್ಗೆ ಐದಕ್ಕೆ ಓಟ. ಅಂಕ ಇರೋದು ಅಲ್ಲಿ.

ದುಡ್ಡು ಕಟ್ಟುವ ಮುಂಚೆ ಕಾಲೇಜಿನವರನ್ನ ಒಂದೇ ಮಾತು ಕೇಳಿ: "ಈ ಡಿಗ್ರಿ ಇದ್ದವರಿಗೆ ಮಾತ್ರ ಅಂತ ಬರೆದಿರೋ ಒಂದು ಸರ್ಕಾರಿ ಜಾಹೀರಾತು ತೋರಿಸ್ರೀ." ತೋರಿಸಿದರೆ ಹುದ್ದೆ ಎಷ್ಟು, ಸಂಬಳ ಎಷ್ಟು ನೋಡಿ ಕಟ್ಟಿ. ಟೀ ತರಿಸಿ ಮಾತು ಮರೆಸಿದರೆ ಟೀ ಕುಡಿದು ಎದ್ದು ಬನ್ನಿ. ಹೊಲ ಉಳೀತದೆ.