ಕಾವಲು ಪೊಲೀಸರದ್ದಷ್ಟೇ ಅಲ್ಲ

2025ರ ಜನವರಿ 17ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಮಂಗಳೂರು ಪ್ರವಾಸದಲ್ಲಿದ್ದರು; ನಗರದಲ್ಲಿ ಪೊಲೀಸ್ ಬಂದೋಬಸ್ತ್ ಏರ್ಪಟ್ಟಿತ್ತು. ಅದೇ ಮಧ್ಯಾಹ್ನ ಉಳ್ಳಾಲ ಸಮೀಪದ ಕೋಟೆಕಾರಿನಲ್ಲಿ ಸಹಕಾರಿ ಸಂಘವೊಂದರ ಶಾಖೆಗೆ ನುಗ್ಗಿದ ಮುಸುಕುಧಾರಿಗಳು ಚಿನ್ನಾಭರಣ ದೋಚಿ ಕಾರಿನಲ್ಲಿ ಪರಾರಿಯಾದರು. ಶಾಖೆಯ ಸಿಸಿಟಿವಿ ಆ ಹೊತ್ತಿನಲ್ಲಿ ದುರಸ್ತಿಯಲ್ಲಿತ್ತು. ಹಿಂದಿನ ದಿನವಷ್ಟೇ ಬೀದರ್‌ನಲ್ಲಿ ಎಟಿಎಂಗೆ ತುಂಬಬೇಕಿದ್ದ ಹಣ ಹಾಡಹಗಲೇ ಲೂಟಿಯಾಗಿ, ಸಿಬ್ಬಂದಿಯೊಬ್ಬರು ಗುಂಡಿಗೆ ಬಲಿಯಾಗಿದ್ದರು.

ಇಂತಹ ಘಟನೆಗಳ ಬೆನ್ನಲ್ಲೇ ಪೊಲೀಸ್ ವೈಫಲ್ಯದ ಮಾತು ಕೇಳಿಬರುವುದು ಸಹಜ. ಆದರೆ ಚುನಾವಣೆ, ಗಣ್ಯರ ಭೇಟಿ, ಗಣೇಶ ವಿಸರ್ಜನೆಯಂತಹ ದಿನಗಳಲ್ಲಿ ಠಾಣೆಯ ಸಿಬ್ಬಂದಿ ಬೇರೆಡೆ ನಿಯೋಜನೆಗೊಳ್ಳುವುದು ಎಲ್ಲರಿಗೂ ಮೊದಲೇ ತಿಳಿದ ಸಂಗತಿ. ದರೋಡೆಕೋರರಿಗೂ ಅದು ಗೊತ್ತು. ಆ ದಿನಗಳಿಗೆ ಹೆಚ್ಚುವರಿ ಕಾವಲು ಗೊತ್ತುಮಾಡುವುದು, ಕ್ಯಾಮೆರಾ ದುರಸ್ತಿಯನ್ನು ಮುಂದೂಡುವುದು, ನಗದು ಸಾಗಣೆಯ ವೇಳೆ ಬದಲಿಸುವುದು ಸಂಸ್ಥೆಗಳ ಕೈಯಲ್ಲೇ ಇದೆ.

ಕಾನೂನೂ ಇದನ್ನೇ ನಿರೀಕ್ಷಿಸುತ್ತದೆ. ಏಕಕಾಲಕ್ಕೆ 100 ಅಥವಾ ದಿನಕ್ಕೆ 500 ಮಂದಿ ಸೇರುವ ಸ್ಥಳಗಳು ಪ್ರವೇಶ ನಿಯಂತ್ರಣ ಹಾಗೂ ಸಿಸಿಟಿವಿ ವ್ಯವಸ್ಥೆ ಹೊಂದಿರಬೇಕು, ದೃಶ್ಯಾವಳಿಯನ್ನು 30 ದಿನ ಕಾಯ್ದಿಡಬೇಕು ಎನ್ನುತ್ತದೆ ರಾಜ್ಯದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ. ಖಾಸಗಿ ಭದ್ರತಾ ಏಜೆನ್ಸಿಗಳಿಗೆ ಪರವಾನಗಿಯನ್ನೂ ಕಾವಲುಗಾರರ ಪೂರ್ವಾಪರ ಪರಿಶೀಲನೆಯನ್ನೂ ಕೇಂದ್ರದ 2005ರ ಕಾಯ್ದೆ ಕಡ್ಡಾಯಗೊಳಿಸಿದೆ.

ಆದರೆ ಕ್ಯಾಮೆರಾ ಅಳವಡಿಸಿದ ಮಾತ್ರಕ್ಕೆ ಕರ್ತವ್ಯ ಮುಗಿಯದು. 2024ರ ಅಕ್ಟೋಬರ್‌ನಲ್ಲಿ ದಾವಣಗೆರೆ ಜಿಲ್ಲೆಯ ನ್ಯಾಮತಿಯಲ್ಲಿ ಬ್ಯಾಂಕಿನ ಕಿಟಕಿ ಮುರಿದು 17 ಕೆ.ಜಿ.ಗೂ ಹೆಚ್ಚು ಚಿನ್ನ ಕದ್ದವರು ದೃಶ್ಯ ದಾಖಲಿಸುವ ಯಂತ್ರವನ್ನೂ ಹೊತ್ತೊಯ್ದರು. ದಾಖಲೆಯ ಪ್ರತಿ ಬೇರೆಡೆಯೂ ಇದ್ದಿದ್ದರೆ ತನಿಖೆಗೆ ಮೊದಲ ದಿನವೇ ಸುಳಿವು ದೊರೆಯಬಹುದಿತ್ತು. 2025ರ ಮೇನಲ್ಲಿ ವಿಜಯಪುರ ಜಿಲ್ಲೆಯ ಮನಗೂಳಿಯ ಬ್ಯಾಂಕೊಂದರಿಂದ ವಾರಾಂತ್ಯದ ರಜೆಯಲ್ಲಿ ಸುಮಾರು 59 ಕೆ.ಜಿ. ಚಿನ್ನ ಕಳವಾಯಿತು. ನಕಲಿ ಕೀ ಬಳಕೆಯಾಗಿದೆ ಎಂದ ಪೊಲೀಸರು ಬಂಧಿಸಿದವರಲ್ಲಿ ಶಾಖೆಯ ಹಿಂದಿನ ವ್ಯವಸ್ಥಾಪಕರೂ ಸೇರಿದ್ದರು. ಅಧಿಕಾರಿ ವರ್ಗವಾದಾಗ ಬೀಗವನ್ನೂ ಬದಲಿಸಬೇಕೆಂಬ ಪಾಠಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಸಣ್ಣ ವರ್ತಕರಿಗೆ ಇಷ್ಟೆಲ್ಲ ವೆಚ್ಚ ಹೊರೆಯೆಂಬುದು ನಿಜ. ಒಂದೇ ಬೀದಿಯ ಅಂಗಡಿಗಳವರು ಕೂಡಿ ರಾತ್ರಿ ಕಾವಲುಗಾರನನ್ನು ನೇಮಿಸಿಕೊಂಡರೆ ಆ ಹೊರೆ ಹಂಚಿಹೋಗುತ್ತದೆ. ಬೀಟ್ ಪೊಲೀಸರೊಡನೆ ನಿರಂತರ ಸಂಪರ್ಕಕ್ಕೆ ಖರ್ಚೇನೂ ತಗಲದು.

ಕಳ್ಳರು ಸಿಕ್ಕಿಬೀಳಬಹುದು, ಚಿನ್ನವೂ ಮರಳಬಹುದು. ಆದರೆ ಮಗಳ ಮದುವೆಗೋ ಬಿತ್ತನೆಗೋ ಒಡವೆ ಅಡವಿಟ್ಟ ಕುಟುಂಬ ಅಲ್ಲಿಯವರೆಗೆ ಅನುಭವಿಸುವ ಆತಂಕವನ್ನು ಯಾವ ವಿಮೆಯೂ ತುಂಬಿಕೊಡದು. ಭದ್ರತೆಯ ಯೋಜನೆ ರೂಪುಗೊಳ್ಳಬೇಕಿರುವುದು ಆ ಕುಟುಂಬದ ಸಲುವಾಗಿ.