ರಂಗಕಲಾವಿದರ ಆತ್ಮಕಥನ: ಹೇಳಿದವರು, ಬರೆದವರು

ಕನ್ನಡದ ರಂಗಕಲಾವಿದರು ತಮ್ಮ ವೃತ್ತಿಜೀವನವನ್ನು ಹಿಂದಿರುಗಿ ನೋಡಿ ಹೇಳಿದ ಕಥನಗಳಿಗೆ ಕೊರತೆಯೇನಿಲ್ಲ. ಗುಬ್ಬಿ ವೀರಣ್ಣನವರ 'ಕಲೆಯೇ ಕಾಯಕ', ಬಾಲ್ಯದಲ್ಲಿ ನಾಟಕ ಕಂಪನಿ ಸೇರಿದ್ದ ಮಲ್ಲಿಕಾರ್ಜುನ ಮನ್ಸೂರರ 'ನನ್ನ ರಸಯಾತ್ರೆ', ಬಿ.ವಿ. ಕಾರಂತರ 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ' ಕೂಡಲೇ ನೆನಪಾಗುವ ಕೃತಿಗಳು. ಆದರೆ ನಮ್ಮ ವಿಮರ್ಶೆ ಇಂಥವನ್ನು ರಂಗೇತಿಹಾಸದ ಕಚ್ಚಾ ಸಾಮಗ್ರಿಯಾಗಿ ಬಳಸಿಕೊಂಡಷ್ಟು ಕಥನಗಳಾಗಿ ಓದಿಲ್ಲ. ಇಸವಿ, ಊರು, ನಾಟಕದ ಹೆಸರುಗಳನ್ನು ಹೆಕ್ಕಿಕೊಂಡು ಪುಸ್ತಕವನ್ನು ಮುಚ್ಚಿಡುವುದೇ ವಾಡಿಕೆಯಾಗಿದೆ.

ಇಂಥ ಎಷ್ಟೋ ಕೃತಿಗಳನ್ನು ಕಲಾವಿದರು ತಾವಾಗಿ ಬರೆದಿಲ್ಲ, ಹೇಳಿ ಬರೆಸಿದ್ದಾರೆ ಎಂಬುದು ಇಲ್ಲಿ ಮುಖ್ಯ. ಕಾರಂತರ ಮಾತುಗಳನ್ನು ನಿರೂಪಿಸಿದವರು ವೈದೇಹಿ. ಬಾಲ್ಯದಲ್ಲಿ ಮನೆಬಿಟ್ಟು ಗುಬ್ಬಿ ಕಂಪನಿ ಸೇರಿದ ಹುಡುಗ ಮುಂದೆ ಕಾಶಿಯಲ್ಲಿ ಓದಿ, 1977ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕನಾಗಿ, ಆನಂತರ ಭೋಪಾಲದ ರಂಗಮಂಡಲವನ್ನು ಕಟ್ಟಿದ ಬದುಕು ಅದು. ಹಲವು ಭಾಷೆಗಳಲ್ಲಿ ಹಂಚಿಹೋದ ನೆನಪು ಕನ್ನಡದ ವಾಕ್ಯವಾಗುವಾಗ ಸಮರ್ಥ ಲೇಖಕಿಯೊಬ್ಬರ ಕೈ ಸೋಕಿರುವುದು ಕನ್ನಡದ ಭಾಗ್ಯವೇ. ಎಲ್ಲ ಕಲಾವಿದರಿಗೂ ಆ ಭಾಗ್ಯವಿಲ್ಲ. ಬೆಳಗಾವಿ ಸೀಮೆಯ ನಟನ ಬಿಸಿ ಮಾತು ಅಚ್ಚಿನಲ್ಲಿ ಸಪ್ಪೆ ಗ್ರಾಂಥಿಕವಾದಾಗ ಹಾಸ್ಯವೂ ಸಿಟ್ಟೂ ಒಟ್ಟಿಗೇ ಸೋರಿಹೋಗುತ್ತವೆ. ಉಳಿಯುವುದು ಸನ್ಮಾನಗಳ ಪಟ್ಟಿ.

ಮರಾಠಿಯ ಉದಾಹರಣೆಯೊಂದು ಇಲ್ಲಿ ಪ್ರಸ್ತುತ. ಚಿತ್ರನಟಿ ಹಂಸಾ ವಾಡ್ಕರ್ ಅವರ 'ಸಾಂಗತ್ಯೇ ಐಕಾ' 1970ರಲ್ಲಿ ಪುಸ್ತಕವಾಯಿತು. ಅದೂ ಹೇಳಿ ಬರೆಸಿದ್ದೇ. ಆದರೆ ಆಕೆ ತನ್ನ ದುಡಿಮೆಯಿಂದ ಮನೆ ನಡೆದುದನ್ನು, ದಾಂಪತ್ಯದ ಕಹಿಯನ್ನು, ಮದ್ಯದ ಸಹವಾಸವನ್ನು ಮರೆಮಾಚಲಿಲ್ಲ. ಶ್ಯಾಮ್ ಬೆನೆಗಲ್ಲರ 'ಭೂಮಿಕಾ' (1977) ಚಿತ್ರಕ್ಕೆ ಅದೇ ಆಧಾರ. ಚಿತ್ರಕಥೆಯಲ್ಲಿ ಗಿರೀಶ ಕಾರ್ನಾಡರೂ ಪಾಲುದಾರರು. ಕನ್ನಡದಲ್ಲಿ ಸ್ತ್ರೀಕಥನಗಳು ಬಂದದ್ದು ತಡವಾಗಿ. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀಯವರ 'ಕಣ್ಣಾಮುಚ್ಚೇ ಕಾಡೇಗೂಡೇ'ಯನ್ನು ಅಜ್ಜನ ಆತ್ಮಕಥೆಯ ಪಕ್ಕದಲ್ಲಿರಿಸಿ ಓದುವ ವಿದ್ಯಾರ್ಥಿಗೆ ಒಂದೇ ಮನೆತನದ ರಂಗಭೂಮಿ ಎರಡು ಬಗೆಯಾಗಿ ಕಾಣದಿರದು. ಮಾಲೀಕನ ನೆನಪೇ ಬೇರೆ, ಬಣ್ಣ ಹಚ್ಚಿದ ಹೆಣ್ಣಿನ ನೆನಪೇ ಬೇರೆ. ಇನ್ನು ಪರದೆ ಬರೆದವರು, ಹಾರ್ಮೋನಿಯಂ ನುಡಿಸಿದವರು, ಕಂಪನಿಯ ಅಡುಗೆಯವರು ಇವರನ್ನಂತೂ ಕೇಳಿದವರೇ ವಿರಳ. ಕಂಪನಿ ಮುಳುಗಿದಾಗ ಸಂಬಳದ ಬಾಕಿ ಯಾರಿಗೆ ಎಷ್ಟು ಉಳಿಯಿತೆಂಬುದನ್ನು ಹೇಳಬಲ್ಲವರು ಅವರೇ ಆಗಿದ್ದರು.

ಸ್ತ್ರೀಪಾತ್ರಗಳಿಂದ ಹೆಸರಾಗಿದ್ದ ಶತಾಯುಷಿ ಏಣಗಿ ಬಾಳಪ್ಪನವರು 2017ರಲ್ಲಿ ತೀರಿಕೊಂಡರು. ಗಂಡಸರೇ ಸೀರೆಯುಟ್ಟು ರಂಗವೇರುತ್ತಿದ್ದ ಕಾಲವನ್ನು ಸ್ವಾನುಭವದಿಂದ ಹೇಳಬಲ್ಲವರು ಇನ್ನೆಷ್ಟು ಮಂದಿ? ಮುಂಬಯಿ, ಪುಣೆಗಳ ಕನ್ನಡ ಅಭ್ಯಾಸಿಗಳಿಗೆ ಮರಾಠಿ ಸಂಗೀತ ನಾಟಕದ ಸಾಮಗ್ರಿ ಕೈಗೆಟುಕುವ ದೂರದಲ್ಲಿದೆ. ಎರಡೂ ಭಾಷೆಗಳ ಕಂಪನಿಗಳ ಕೊಡುಕೊಳೆಯನ್ನು ಕಲಾವಿದರ ಬಾಯಿಂದಲೇ ದಾಖಲಿಸಲು ಇವರಿಗಿಂತ ಅನುಕೂಲ ಯಾರಿಗೂ ಇಲ್ಲ. ಹಾಗೆ ದಾಖಲಿಸುವವರು ಪುಸ್ತಕ ಅಚ್ಚಾದ ಬಳಿಕ ಧ್ವನಿಮುದ್ರಿಕೆಯನ್ನು ಎಸೆಯದೆ, ಕಲಾವಿದರು ಆಡಿದ ಮಾತನ್ನು ಆಡಿದಂತೆಯೇ ಬರೆದು ವಿಭಾಗದ ಗ್ರಂಥಾಲಯದಲ್ಲಿ ಇರಿಸಬೇಕು. ನಿರೂಪಕರು ಏನನ್ನು ತಿದ್ದಿದರು, ಏನನ್ನು ಕೈಬಿಟ್ಟರು ಎಂಬುದು ಮುಂದಿನ ಸಂಶೋಧಕರಿಗೆ ಆಗ ತಿಳಿದೀತು.