ಪ್ರಾಜೆಕ್ಟ್ ಇರುವುದು 20 ಅಂಕಕ್ಕಷ್ಟೇನಾ? ಹೈದರಾಬಾದ್ ವಿದ್ಯಾರ್ಥಿಗಳು ತೋರಿಸಿದ ದಾರಿಯೇ ಬೇರೆ!

ಹೈದರಾಬಾದ್: ಹತ್ತನೇ ತರಗತಿಯಲ್ಲಿ ಆಂತರಿಕ ಅಂಕ ಬೇಕೇ, ಬೇಡವೇ? ಈ ಪ್ರಶ್ನೆಗೆ ತೆಲಂಗಾಣ ಸರ್ಕಾರ ಒಂದು ವರ್ಷದೊಳಗೆ ಮೂರು ಉತ್ತರ ಕೊಟ್ಟಿದೆ. 2024ರ ನವೆಂಬರ್ ಕೊನೆಯಲ್ಲಿ 20 ಆಂತರಿಕ ಅಂಕ ರದ್ದು, ಪೂರ್ತಿ 100 ಅಂಕಕ್ಕೂ ಲಿಖಿತ ಪರೀಕ್ಷೆ ಎಂದಿತು. ಮರುದಿನವೇ ಅದನ್ನು ಮುಂದಿನ ಶೈಕ್ಷಣಿಕ ವರ್ಷಕ್ಕೆ ಮುಂದೂಡಿತು. 2025ರ ಆಗಸ್ಟ್‌ನಲ್ಲಿ 80+20 ಪದ್ಧತಿಯೇ 2025-26ರಲ್ಲೂ ಮುಂದುವರಿಯಲಿದೆ ಎಂದಿತು.

ಈ ಗೊಂದಲಕ್ಕೆ ಕಾರಣವಿದೆ. ಆಂತರಿಕ ಅಂಕದಲ್ಲಿ ಪ್ರಾಜೆಕ್ಟ್, ಓದಿದ ಪುಸ್ತಕದ ಬಗ್ಗೆ ಅನಿಸಿಕೆ, ಬರವಣಿಗೆ, ಕಿರು ಪರೀಕ್ಷೆ ಎಲ್ಲವೂ ಸೇರಿವೆ. ಉದ್ದೇಶ ಒಳ್ಳೆಯದೇ. ಆದರೆ ಅಂಕ ಕೊಡುವುದು ಶಾಲೆಯೇ ಆದ್ದರಿಂದ ಎಲ್ಲರಿಗೂ 20ಕ್ಕೆ 20 ಹಾಕುತ್ತಾರೆ ಎಂಬ ಅನುಮಾನ ಹಳೆಯದು. ಇಂಟರ್ನೆಟ್‌ನಿಂದ ಇಳಿಸಿಕೊಂಡ ನಾಲ್ಕು ಪುಟ, ಬಣ್ಣದ ಚಾರ್ಟ್, ಅಪ್ಪ-ಅಮ್ಮ ರಾತ್ರಿ ಕೂತು ಮಾಡಿಕೊಟ್ಟ ಮಾಡೆಲ್ ಯಾವ ಮನೆಗೂ ಹೊಸತಲ್ಲ. ಈಗ ಎಐ ಕೂಡ ಬಂದಿದೆ.

ಲಿಂಗಂಪಲ್ಲಿ ಪಕ್ಕದಲ್ಲೇ ಇದೆ ಉತ್ತರ

ಕಲಬುರಗಿ, ಬೀದರ್ ಕಡೆಯಿಂದ ರೈಲಿನಲ್ಲಿ ಬರುವ ಕನ್ನಡಿಗರಿಗೆ ಲಿಂಗಂಪಲ್ಲಿ ಪರಿಚಿತ ನಿಲ್ದಾಣ. ಅಲ್ಲಿಂದ ಕೆಲವೇ ಕಿ.ಮೀ. ದೂರದಲ್ಲಿ 1974ರಲ್ಲಿ ಶುರುವಾದ ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಕ್ಯಾಂಪಸ್‌ಗೆ ಹೊಂದಿಕೊಂಡ ಕಂಚ ಗಚ್ಚಿಬೌಲಿಯ 400 ಎಕರೆ ಜಾಗವನ್ನು ಅಭಿವೃದ್ಧಿಪಡಿಸಲು 2025ರ ಮಾರ್ಚ್ ಕೊನೆಯಲ್ಲಿ ಜೆಸಿಬಿಗಳು ಇಳಿದಾಗ ಅದು ದೇಶದ ಸುದ್ದಿಯಾಯಿತು. ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ ಮರ ಕಡಿಯುವುದಕ್ಕೆ ತಡೆ ನೀಡಿತು.

ಆ ದಿನಗಳ ಚರ್ಚೆಯಲ್ಲಿ ಹೆಚ್ಚು ಗಮನ ಸೆಳೆಯದ ಸಂಗತಿ ಒಂದಿದೆ. ಅಲ್ಲಿ 200ಕ್ಕೂ ಹೆಚ್ಚು ಜಾತಿಯ ಪಕ್ಷಿಗಳಿವೆ, ಚುಕ್ಕಿ ಜಿಂಕೆ, ನಕ್ಷತ್ರ ಆಮೆಗಳಿವೆ ಎಂದು ಹೇಳಲು ಆಧಾರವಾದ ದಾಖಲೆ ಒಂದೇ ವಾರದಲ್ಲಿ ಸಿದ್ಧವಾದದ್ದಲ್ಲ. ವಿದ್ಯಾರ್ಥಿಗಳು, ಹಳೆಯ ವಿದ್ಯಾರ್ಥಿಗಳು ವರ್ಷಗಟ್ಟಲೆ ಕ್ಯಾಂಪಸ್ ಸುತ್ತಿ, ಫೋಟೊ ತೆಗೆದು, ಪಟ್ಟಿ ಮಾಡಿಟ್ಟ ಕೆಲಸವೂ ಅದರಲ್ಲಿ ಸೇರಿತ್ತು. ಅದಕ್ಕೆ ಅಂಕಪಟ್ಟಿಯಲ್ಲಿ ಜಾಗವಿರಲಿಲ್ಲ. ಆದರೆ ಬೇಕಾದ ಹೊತ್ತಿಗೆ ಸಾಕ್ಷಿಯಾಗಿ ನಿಂತಿತು.

ಸಂಶೋಧನೆ ಎಂದರೆ ಇಷ್ಟೇ: ಸ್ವಂತ ಪ್ರಶ್ನೆ, ಕಣ್ಣಾರೆ ಕಂಡದ್ದರ ದಾಖಲೆ, ಕೇಳಿದವರಿಗೆ ಉತ್ತರ ಕೊಡುವ ಧೈರ್ಯ. ಇದಕ್ಕೆ ವಿಶ್ವವಿದ್ಯಾಲಯದವರೆಗೆ ಕಾಯಬೇಕಿಲ್ಲ.

ಶಾಲೆಯಲ್ಲಿ ಏನು ಬದಲಾಗಬೇಕು?

ಮೊದಲನೆಯದು, ವಿಷಯದ ಆಯ್ಕೆ. ‘ಜಲಮಾಲಿನ್ಯ’ ಎಂದು ಕೊಟ್ಟರೆ ಗೂಗಲ್ ಬರೆದುಕೊಡುತ್ತದೆ. ‘ಲಿಂಗಂಪಲ್ಲಿ ರೈಲ್ವೆ ಅಂಡರ್‌ಪಾಸ್‌ನಲ್ಲಿ ಎಷ್ಟು ಹೊತ್ತು ಮಳೆ ಸುರಿದರೆ ನೀರು ನಿಲ್ಲುತ್ತದೆ, ಇಳಿಯಲು ಎಷ್ಟು ಹೊತ್ತು ಬೇಕು’ ಎಂದು ಕೇಳಿದರೆ ಮಗು ಮಳೆಗಾಲವಿಡೀ ಬರೆದಿಡಬೇಕು. ಆ ಉತ್ತರ ಯಾವ ಎಐ ಬಳಿಯೂ ಇಲ್ಲ.

ಎರಡನೆಯದು, ತರಗತಿಯ ಮಂಡನೆ. ಈಗ ಆಗುತ್ತಿರುವುದೇನು? ಗುಂಪಿನ ಜಾಣ ಹುಡುಗಿ ಸ್ಲೈಡ್ ಓದುತ್ತಾಳೆ, ಉಳಿದವರು ಪಕ್ಕದಲ್ಲಿ ನಿಂತಿರುತ್ತಾರೆ, ಚಪ್ಪಾಳೆಯೊಂದಿಗೆ ಮುಗಿಯುತ್ತದೆ. ಅದರ ಬದಲು ಎರಡು ನಿಮಿಷ ಮಾತು, ಐದು ನಿಮಿಷ ಪ್ರಶ್ನೆ ಇರಲಿ. ‘ಈ ಲೆಕ್ಕ ಎಲ್ಲಿಂದ ಬಂತು? ಅಂದುಕೊಂಡಂತೆ ಆಗದೇ ಹೋದದ್ದು ಯಾವುದು?’ ಎಂದು ಸಹಪಾಠಿಯೇ ಕೇಳಲಿ. ನಕಲು ಅಲ್ಲೇ ಸಿಕ್ಕಿಬೀಳುತ್ತದೆ.

ಮೂರನೆಯದು ಭಾಷೆ. ಮಗು ತನಗೆ ಬರುವ ಭಾಷೆಯಲ್ಲಿ ವಿವರಿಸಲಿ. ಇಂಗ್ಲಿಷ್ ಉಚ್ಚಾರಣೆಗೆ ಅಂಕ ಬಿದ್ದರೆ ಅಲ್ಲಿ ಅಳೆಯುತ್ತಿರುವುದು ಸಂಶೋಧನೆಯನ್ನಲ್ಲ.

ಇದಕ್ಕೆಲ್ಲ ಶಿಕ್ಷಕರಿಗೆ ಸಮಯ ಬೇಕು. 50 ಮಕ್ಕಳ ತರಗತಿಯಲ್ಲಿ, ಪಾಠ ಮುಗಿಸುವ ಒತ್ತಡದ ನಡುವೆ ವರ್ಷಕ್ಕೆ ನಾಲ್ಕು ಪ್ರಾಜೆಕ್ಟ್ ನೋಡುವುದು ಕಷ್ಟ. ಒಂದೇ ಇರಲಿ, ಸರಿಯಾಗಿ ಇರಲಿ.

ಕರ್ನಾಟಕಕ್ಕೂ ಇದು ಪ್ರಶ್ನೆ

ಕರ್ನಾಟಕದಲ್ಲಿ 2025-26ನೇ ಸಾಲಿನಿಂದ ಎಸ್ಸೆಸ್ಸೆಲ್ಸಿ ಉತ್ತೀರ್ಣಕ್ಕೆ ಆಂತರಿಕ ಮತ್ತು ಲಿಖಿತ ಅಂಕ ಸೇರಿಸಿ 625ಕ್ಕೆ ಕನಿಷ್ಠ 206 ಬೇಕು. ಅಂದರೆ ಆಂತರಿಕ ಅಂಕದ ತೂಕ ಹೆಚ್ಚಾಗಿದೆ, ಅದನ್ನು ಹೇಗೆ ಕೊಡುತ್ತಾರೆ ಎಂಬ ಪ್ರಶ್ನೆಯೂ ದೊಡ್ಡದಾಗಿದೆ. ಪ್ರಾಜೆಕ್ಟ್ ಹೆಸರಿಗಷ್ಟೇ ಉಳಿದರೆ ಇಲ್ಲೂ ಒಂದು ದಿನ ‘ರದ್ದು ಮಾಡಿ’ ಎಂಬ ಕೂಗು ಏಳುತ್ತದೆ. ರದ್ದಾದರೆ ಹೆಚ್ಚು ನಷ್ಟ ಆಗುವುದು, ಪುಸ್ತಕದ ಆಚೆ ಒಂದು ಪ್ರಶ್ನೆ ಕೇಳಲು ಶಾಲೆ ಬಿಟ್ಟರೆ ಬೇರೆ ಜಾಗವೇ ಇಲ್ಲದ ಮಕ್ಕಳಿಗೆ.